ಅರ್ಧ ನಿಮಿಷ ನನ್ನದು

ಕಳೆದ ತಿಂಗಳು ಕಡಬದ ಕಬಡ್ಡಿ ಪಂದ್ಯಾಟದ ಸಮಿತಿಯವರು ಮನೆಗೆ ಬಂದಿದ್ದರು. ಚಪ್ಪಲಿಗಳನ್ನು ದಿಕ್ಕುದಿಕ್ಕಿಗೆ ಕಳಚಿ ಒಳಗೆ ಬಂದು ಕುಳಿತು, ಬೆಲ್ಲ ನೀರು ಕುಡಿದು, ಹವೆಯ ಬಗ್ಗೆ ಮಾತಾಡಿ, ಕೊನೆಗೆ ಅಧ್ಯಕ್ಷರು ಹೇಳಿದರು: "ಈ ಸಲ ಮೈಕ್ ನೀವೇ ಹಿಡೀಬೇಕು ಮಾಸ್ಟ್ರೆ. ಬೇರೆ ಯಾರೂ ಇಲ್ಲ."

ಮೊದಲನೆಯ ವಾಕ್ಯವನ್ನು ಕೇಳಲು ನಾನು ಎಷ್ಟೋ ವರ್ಷ ಕಾದಿದ್ದೆ. ಎರಡನೆಯದನ್ನು ಅವರು ಹೇಳದೆ ಇದ್ದರೂ ನಡೆಯುತ್ತಿತ್ತು.

ಅವರು ಹೋದ ಮೇಲೆ ಹೆಂಡತಿ ಲೋಟಗಳನ್ನು ತೆಗೆಯುತ್ತ, "ಪಾಪ, ಅವರಾದ್ರೂ ಎಂತ ಮಾಡುದು? ಅವನಿದ್ದಿದ್ರೆ ನಿಮ್ಮನ್ನು ಕೇಳ್ತಿದ್ರಾ?" ಎಂದಳು. ಇಷ್ಟು ವರ್ಷ ಮೈಕ್ ಹಿಡಿದವನು ಮೊನ್ನೆಯ ಮಳೆಗಾಲದಲ್ಲಿ ತೀರಿಹೋಗಿದ್ದ. ನನ್ನ ಮನೆಯಲ್ಲೇ ಈಗಲೂ ಅವನ ಪರವಾಗಿ ವಾದಿಸುವವರಿದ್ದಾರೆ.

ನಾನು ನರಿಮೊಗರಿನ ಕಡೆಯವನು. ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದೆ. ನಾನು ಕಲಿತ ತರಬೇತಿ ಕಾಲೇಜಿನಲ್ಲಿ ಹಾಸಿಗೆಯ ಚಾದರದಲ್ಲಿ ಒಂದು ಸುಕ್ಕು ಕಂಡರೆ ಮೈದಾನಕ್ಕೆ ಸುತ್ತು ಹಾಕಿಸುತ್ತಿದ್ದರು. ಆ ಶಿಸ್ತು ಮೈಗೆ ಹತ್ತಿದ್ದು ಇಳಿದಿಲ್ಲ. ಬೆಳಕು ಹರಿಯುವ ಮೊದಲು ಏಳುತ್ತೇನೆ, ವ್ಯಾಯಾಮ ಮಾಡುತ್ತೇನೆ, ಶೂಗಳಿಗೆ ಬಿಳಿ ಹಚ್ಚಿ ಬಿಸಿಲಿಗೆ ಇಡುತ್ತೇನೆ. ಊಟ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಏನೂ ಹೇಳುವುದಿಲ್ಲ. ಎದ್ದು ಹೋಗಿ ಗಡಿಯಾರ ನೋಡಿ ಬಂದು ಕುಳಿತುಕೊಳ್ಳುತ್ತೇನೆ. ಅಷ್ಟು ಸಾಕಾಗುತ್ತದೆ.

ಕಬಡ್ಡಿಯಲ್ಲಿ ನಾನು ತೀರ್ಪುಗಾರ. ಪುತ್ತೂರು, ಸುಳ್ಯ, ಕಡಬದ ಅಂಕಣಗಳಲ್ಲಿ ನನ್ನ ವಿಸಿಲಿಗೆ ಎದುರು ಮಾತಾಡಿದವರು ಕಡಿಮೆ. ಮೊಣಕಾಲು ಸೋತ ಮೇಲೆ ಅಂಕಣ ಬಿಟ್ಟು ಪಕ್ಕದ ಮೇಜಿಗೆ ಬಂದೆ. ಸ್ಟಾಪ್‌ವಾಚ್ ನನ್ನ ಕೈಯಲ್ಲಿ, ಮೈಕ್ ಅವನ ಕೈಯಲ್ಲಿ, ನಡುವೆ ಒಂದು ಚೊಂಬು ನೀರು. ಅಷ್ಟು ಹತ್ತಿರ ಕುಳಿತು ಒಬ್ಬನ ಮೇಲೆ ವರ್ಷಗಟ್ಟಲೆ ಹೊಟ್ಟೆಕಿಚ್ಚು ಪಡುವುದು ಸುಲಭದ ಕೆಲಸವಲ್ಲ. ನಾನು ಅದನ್ನೂ ತಪ್ಪದೆ ಮಾಡಿದೆ.

ಅವನು ಸುಳ್ಯ ಕಡೆಯ ಗೌಡರ ಹುಡುಗ. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಬ್ಯಾರಿಗಳ ಜೊತೆ ಬ್ಯಾರಿ. ಮೈಕ್ ಹಿಡಿದರೆ ಮೂರೂ ಸೇರಿದ ಒಂದು ಕನ್ನಡ. ಸಣಕಲು ಆಳು. ಅಂಗಿಯ ಒಂದು ತೋಳು ಮೊಣಕೈಯವರೆಗೆ ಮಡಚಿದ್ದರೆ ಇನ್ನೊಂದು ಮಣಿಕಟ್ಟಿನಲ್ಲೇ ಇರುತ್ತಿತ್ತು. ನನ್ನ ಶಾಲೆಯಲ್ಲಿ ಕಲಿತಿದ್ದರೆ ಎರಡನ್ನೂ ಸರಿ ಮಾಡಿಸುತ್ತಿದ್ದೆ. ಹಣೆಯಲ್ಲೂ ಗಲ್ಲದಲ್ಲೂ ಬಿದ್ದು ಆದ ಹಳೆಯ ಗಾಯದ ಗುರುತುಗಳಿದ್ದವು.

ಕಡಬದ ಜೀಪು ಸ್ಟ್ಯಾಂಡಿನಲ್ಲಿ ಜನ ಕರೆಯುವುದು ಅವನ ಕೆಲಸ. "ಬಿಳಿನೆಲೆ, ನೆಟ್ಟಣ, ಕೈಕಂಬ, ಇಬ್ರು ಆದ್ರೆ ಹೊರಡ್ತದೆ, ಇಬ್ರೇ ಇಬ್ರು." ಜೀಪಿನೊಳಗೆ ಒಂದು ನೊಣವೂ ಇಲ್ಲದಾಗಲೂ ಇಬ್ಬರೇ ಬೇಕಾಗಿದ್ದದ್ದು. ಜನ ನಂಬಿ ಹತ್ತುತ್ತಿದ್ದರು, ಅರ್ಧ ಗಂಟೆ ಕೂರುತ್ತಿದ್ದರು, ಬೈಯುತ್ತಿರಲಿಲ್ಲ. ಆ ಸ್ವರ ಅಂಥದ್ದು. ದೊಡ್ಡದಲ್ಲ, ಗಡುಸಲ್ಲ, ನಿಮ್ಮೊಬ್ಬರನ್ನೇ ಕರೆದಂತೆ ಕೇಳುತ್ತಿತ್ತು.

ಅದಕ್ಕೆ ಮೊದಲು ಅವನೇ ಜೀಪು ಓಡಿಸುತ್ತಿದ್ದ. ಒಂದು ದಿನ ಗುಂಡ್ಯದ ದಾರಿಯಲ್ಲಿ ಸ್ಟೇರಿಂಗ್ ಹಿಡಿದಿರುವಾಗಲೇ ಫಿಟ್ಸ್ ಬಂತು. ಗಾಡಿ ರಬ್ಬರ್ ತೋಟದ ಬೇಲಿಗೆ ಒರಗಿ ನಿಂತಿತು. ಒಳಗಿದ್ದವರಿಗೆ ಏನೂ ಆಗಲಿಲ್ಲ. ಎಚ್ಚರವಾದ ಮೇಲೆ ಅವನೇ ಕೀಲಿಯನ್ನು ಮಾಲೀಕನ ಕೈಗೆ ಕೊಟ್ಟು, "ಇನ್ನು ನಾನು ಕರೆಯುದು ಮಾತ್ರ, ಕೊಂಡುಹೋಗುದು ಬೇರೆಯವರು" ಎಂದನಂತೆ. ಫಿಟ್ಸಿನ ಹುಡುಗನಿಗೆ ಹೆಣ್ಣು ಕೊಡುವವರು ಸಿಗಲಿಲ್ಲ. ಅಕ್ಕ ಒಬ್ಬಳಿದ್ದಳು, ಅವಳಿಗೂ ಮದುವೆಯಾಗಿರಲಿಲ್ಲ. ಇಬ್ಬರದೇ ಮನೆ.

ಮೈಕ್ ನನ್ನ ಕೈಯಿಂದ ಹೋದದ್ದು ಹೀಗೆ. ಆ ವರ್ಷ ಕಡಬದ ಶಾಲಾ ಮೈದಾನದ ಪಂದ್ಯಾಟದಲ್ಲಿ ವೀಕ್ಷಕ ವಿವರಣೆ ನನ್ನದೇ. ಶುದ್ಧ ಕನ್ನಡ, ಸ್ಪಷ್ಟ ಉಚ್ಚಾರ, ತಂಡದ ಹೆಸರು, ಆಟಗಾರನ ಅಂಗಿಯ ಸಂಖ್ಯೆ, ಗಳಿಸಿದ ಅಂಕ. ನಡುವೆ ತೂಕದ ಜಗಳ ಎದ್ದಿತು. ಒಬ್ಬ ಆಟಗಾರ ನಿಗದಿತ ತೂಕಕ್ಕಿಂತ ಹೆಚ್ಚಿದ್ದಾನೆ ಎಂದು ಎದುರು ತಂಡದವರ ಆಕ್ಷೇಪ. ಅವನನ್ನು ಪೇಟೆಯ ಅಕ್ಕಿ ಅಂಗಡಿಯ ತಕ್ಕಡಿಗೆ ನಿಲ್ಲಿಸಲು ನಾನೇ ಕರೆದುಕೊಂಡು ಹೋದೆ. ಬರುವಷ್ಟರಲ್ಲಿ ಮುಂದಿನ ಪಂದ್ಯ ಶುರುವಾಗಿತ್ತು. ದಾರಿಯಲ್ಲಿ ಬರುವಾಗಲೇ ಮೈಕಿನಲ್ಲಿ ಜೀಪು ಸ್ಟ್ಯಾಂಡಿನ ಆ ಸ್ವರವೂ ಜನ ನಗುವುದೂ ಕೇಳುತ್ತಿತ್ತು.

"ಓ ಬಂದ ನೋಡಿ ಕೊಂಬಾರಿನ ಕುಳ್ಳ. ಗೆರೆ ದಾಟಿಯಾಯ್ತು, ಇನ್ನು ಅಮ್ಮನಿಗೆ ಹೇಳಿ ಬಂದಿದ್ದಾನಾ ಇಲ್ವಾ ಅದೊಂದೇ ಸಂಶಯ ಮಾರಾಯ್ರೆ. ಎಡಗಡೆ ನೋಡ್ತಾ ಉಂಟು, ಬಲಗಡೆ ಹೋಗ್ಲಿಕ್ಕೆ ಉಂಟು, ನಮ್ಮ ಗುಂಡ್ಯದ ಲಾರಿಯವರ ಇಂಡಿಕೇಟರಿನ ಹಾಗೆ. ಹಿಡಿದ್ರು, ಹಿಡಿದ್ರು. ಇಲ್ಲ, ಅಂಗಿ ಮಾತ್ರ ಸಿಕ್ಕಿದ್ದು, ಆಳು ಮನೆಗೆ ಮುಟ್ಟಿದ."

ನಾನು ಮೇಜಿನ ಬಳಿ ನಿಂತು ಕೈ ಚಾಚಿದೆ. ಸಮಿತಿಯವರೊಬ್ಬರು ನನ್ನ ಕೈಗೆ ಚಹಾದ ಲೋಟ ಕೊಟ್ಟರು. "ನೀವು ದಣಿದಿದ್ದೀರಿ ಮಾಸ್ಟ್ರೆ, ಕುಳಿತುಕೊಳ್ಳಿ. ಅವ ಹೇಳ್ಲಿ." ಅಂದು ಕುಳಿತವನು ಮತ್ತೆ ಏಳಲಿಲ್ಲ.

ಅವನ ತಪ್ಪುಗಳನ್ನು ನಾನು ಬೇಕಾದಷ್ಟು ಹೇಳಬಲ್ಲೆ. ಆಟಗಾರರ ಹೆಸರು ಅವನಿಗೆ ನೆನಪಿರುತ್ತಿರಲಿಲ್ಲ, ಅಡ್ಡಹೆಸರು ಮಾತ್ರ ಗೊತ್ತು. ಬೋನಸ್ ಅಂಕ ಯಾವಾಗ ಸಿಗುತ್ತದೆ ಎಂಬುದು ಕೊನೆಯವರೆಗೂ ಅವನಿಗೆ ಸರಿಯಾಗಿ ತಿಳಿದಿರಲಿಲ್ಲ. ಆದರೂ ಪೋಸ್ಟರಿನಲ್ಲಿ ಅವನ ಹೆಸರು ಉದ್ಘಾಟಕರ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಬರತೊಡಗಿತು. ನನ್ನ ಹಳೆಯ ವಿದ್ಯಾರ್ಥಿಗಳು ದೂರದಿಂದ ಬಂದು ಮೊದಲು ಅವನ ಬೆನ್ನು ತಟ್ಟಿ, ಆಮೇಲೆ ನನ್ನ ಕಾಲು ಮುಟ್ಟುತ್ತಿದ್ದರು. ಕಬಡ್ಡಿಯೆಂದರೆ ಏನೆಂದು ತಿಳಿಯದ ನನ್ನ ಹೆಂಡತಿ ಹೆಂಗಸರ ಸಾಲಿನಲ್ಲಿ ಮುಂದಿನ ಕುರ್ಚಿ ಹಿಡಿಯಲು ನನಗಿಂತ ಮೊದಲೇ ಹೊರಟು ನಿಲ್ಲುತ್ತಿದ್ದಳು. ಅವನ ವಿವರಣೆಯ ತುಣುಕುಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡು ತರಕಾರಿ ಹೆಚ್ಚುವಾಗ ಕೇಳುತ್ತಿದ್ದಳು. ನಾನು ಒಳಗೆ ಬಂದರೆ ಸ್ವರ ಸಣ್ಣ ಮಾಡುತ್ತಿದ್ದಳು, ನಿಲ್ಲಿಸುತ್ತಿರಲಿಲ್ಲ.

ಅವನ ರೋಗ ಮಾತ್ರೆಗೆ ಬಗ್ಗುವಂಥದ್ದಾಗಿರಲಿಲ್ಲ. ಮಾತ್ರೆ ಬದಲಿಸಿದರು, ಎರಡು ಬಗೆ ಸೇರಿಸಿ ಕೊಟ್ಟರು, ಮತ್ತೆ ಬದಲಿಸಿದರು. ಮಾತ್ರೆಯಿಂದ ಮಂಪರು ಮಾತ್ರ ಹೆಚ್ಚಾಯಿತು. ಬಸ್ ಸ್ಟ್ಯಾಂಡಿನಲ್ಲಿ ಬಿದ್ದ, ಬಾವಿಕಟ್ಟೆಯ ಬಳಿ ಬಿದ್ದ, ಅಕ್ಕ ಅವನನ್ನು ಒಬ್ಬನೇ ಸ್ನಾನಕ್ಕೆ ಬಿಡುತ್ತಿರಲಿಲ್ಲ. ಕೊನೆಗೆ ದೊಡ್ಡ ಆಸ್ಪತ್ರೆಯ ನರರೋಗದ ಡಾಕ್ಟರರೊಬ್ಬರು ಎದೆಯಲ್ಲಿ ಒಂದು ಯಂತ್ರ ಇಡುವ ಚಿಕಿತ್ಸೆ ಹೇಳಿದರು. ಅದಕ್ಕಾಗಿ ಕಡಬದಲ್ಲಿ ಅವನ ಸಹಾಯಾರ್ಥ ಪಂದ್ಯಾಟ ನಡೆಯಿತು. ಆ ಪಂದ್ಯಾಟಕ್ಕೂ ವಿವರಣೆ ಅವನದೇ. "ಈ ರೈಡರ್ ಔಟಾದ್ರೂ ನನ್ನ ಆಪರೇಷನ್‌ಗೆ, ಹಿಡಿದವ ಬಿದ್ರೂ ನನ್ನ ಆಪರೇಷನ್‌ಗೆ, ಯಾರೂ ಬೇಜಾರು ಮಾಡ್ಬೇಡಿ" ಎಂದು ಹೇಳಿ ಇಡೀ ಮೈದಾನವನ್ನು ನಗಿಸಿದ. ನಾನು ಸ್ಟಾಪ್‌ವಾಚ್ ಒತ್ತುತ್ತ, ರೋಗವೂ ಇವನಿಗೆ ಒಳ್ಳೆಯ ಮಾತನ್ನೇ ಒದಗಿಸುತ್ತದಲ್ಲ ಎಂದುಕೊಂಡೆ.

ಆಪರೇಷನ್ ಆಗಿ ಕೆಲವು ವಾರಗಳ ಮೇಲೆ ಅಕ್ಕನ ಜೊತೆ ನಮ್ಮ ಮನೆಗೆ ಬಂದ. ಹೆಂಡತಿ ಅವಲಕ್ಕಿ ಕಲಸಿ ಕೊಟ್ಟಳು. ಅವನು ಅಂಗಿಯ ಗುಂಡಿ ಬಿಚ್ಚಿ ತೋರಿಸಿದ. ಎಡ ಭುಜದ ಎಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ, ಒಂದು ಬಿಸ್ಕತ್ತು ಇಟ್ಟಷ್ಟು ಉಬ್ಬು. ಕುತ್ತಿಗೆಯ ಎಡಭಾಗದಲ್ಲಿ ಸಣ್ಣ ಹೊಲಿಗೆಯ ಗೆರೆ.

"ವೇಗಸ್ ನರ ಅಂತ ಒಂದುಂಟು ಮಾಸ್ಟ್ರೆ," ಎಂದ. "ನಮ್ಮ ಲೈನ್ ಜೀಪಿನ ಹಾಗೆ. ತಲೆಯಿಂದ ಹೊರಟು ಕುತ್ತಿಗೆ, ಹೃದಯ, ಹೊಟ್ಟೆ, ಎಲ್ಲ ಸ್ಟಾಪಿಗೂ ಹೋಗ್ತದೆ. ಈ ಮೆಷಿನ್ ಇಲ್ಲಿಂದ ವಯರಿನಲ್ಲಿ ಕರೆಂಟು ಕಳಿಸುದು, ಆ ನರ ಅದನ್ನು ಮೇಲೆ ಮಿದುಳಿಗೆ ಮುಟ್ಟಿಸುದು. ಐದೈದು ನಿಮಿಷಕ್ಕೊಮ್ಮೆ, ಅರ್ಧ ನಿಮಿಷ. ಫಿಟ್ಸ್ ಪೂರ್ತಿ ಹೋಗುದಿಲ್ಲ, ಕಡಿಮೆ ಆಗ್ತದೆ ಅಂತ ಡಾಕ್ಟ್ರು..."

ಅಲ್ಲಿಗೆ ಅವನ ಸ್ವರ ಹೋಯಿತು. ಹೋಯಿತು ಎಂದರೆ ಪೂರ್ತಿ ನಿಲ್ಲಲಿಲ್ಲ; ಗಂಟಲಲ್ಲಿ ಮರಳು ಸುರಿದಂತೆ ಒಡೆದು, ಕೆಳಗಿಳಿದು, ಯಾರೋ ಮುದುಕ ಮಾತಾಡಿದಂತೆ ಕೇಳಿತು. ಹೆಂಡತಿ ನೀರು ತರಲು ಓಡಿದಳು. ಅಕ್ಕ ಮಾತ್ರ ಅವಲಕ್ಕಿ ತಿನ್ನುತ್ತಲೇ ಇದ್ದಳು. "ಎಂತ ಇಲ್ಲ ಅಕ್ಕಾ, ಕೂತ್ಕೊಳ್ಳಿ. ಕರೆಂಟು ಬಂತು. ಈಗ ಹೋಗ್ತದೆ" ಎಂದಳು ನನ್ನ ಹೆಂಡತಿಗೆ.

ಅರ್ಧ ನಿಮಿಷ ಕಳೆದು ಸ್ವರ ಮರಳಿತು. "ಮಿದುಳಿಗೆ ಹೋಗುವ ಜೀಪು ಗಂಟಲ ಹತ್ರ ಒಮ್ಮೆ ಹಾರ್ನ್ ಹೊಡೀತದೆ ಮಾಸ್ಟ್ರೆ. ಸ್ವರದ ನರ ಅದರದ್ದೇ ಕವಲು." ಆಮೇಲೆ ಕಿಸೆಯಿಂದ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಕಪ್ಪು ಅಯಸ್ಕಾಂತವೊಂದನ್ನು ತೆಗೆದು ತೋರಿಸಿದ. ಫಿಟ್ಸ್ ಬರುವ ಸೂಚನೆ ಕಂಡರೆ ಅದನ್ನು ಉಬ್ಬಿನ ಮೇಲೆ ಒಮ್ಮೆ ಸವರಬೇಕು. ಯಂತ್ರ ಆಗಲೇ ಹೆಚ್ಚಿನ ಒಂದು ಸುತ್ತು ಕರೆಂಟು ಕೊಡುತ್ತದೆ. ಹಾಗಲ್ಲದೆ ಅದನ್ನು ಅಲ್ಲೇ ಒತ್ತಿ ಇಟ್ಟರೆ, ಇಟ್ಟಷ್ಟು ಹೊತ್ತು ಯಂತ್ರ ಸುಮ್ಮನಿರುತ್ತದೆ.

"ಹೊಟ್ಟೆಗೂ ಹೋಗ್ತದಾ ಆ ನರ?" ಎಂದು ಹೆಂಡತಿ ಕೇಳಿದಳು.

"ಹೋಗ್ತದೆ ಅಕ್ಕಾ. ಮಾಸ್ಟ್ರದ್ದು ಅಲ್ಲೇ ಹಾಲ್ಟ್ ಆಗಿದೆ, ಮುಂದೆ ಹೋಗುದಿಲ್ಲ."

ಎಲ್ಲರೂ ನಕ್ಕರು. ನಾನು ಗಡಿಯಾರ ನೋಡಿ ಬಂದೆ.

ಆ ಸಂಜೆ ನನಗೆ ಬಹಳ ಸಮಾಧಾನವಾಗಿತ್ತು ಎಂದು ಬರೆದರೆ ಓದುವವರು ನನ್ನನ್ನು ಕೆಟ್ಟವನೆಂದು ತಿಳಿಯಬಹುದು. ತಿಳಿಯಲಿ. ಅವನು ಗುಣವಾಗಬೇಕೆಂದು ನನಗೆ ನಿಜವಾಗಿಯೂ ಇತ್ತು. ಆ ಸ್ವರ ಒಡೆದದ್ದೂ ನನಗೆ ಹಿತವಾಗಿ ಕೇಳಿಸಿತ್ತು.

ಆಪರೇಷನ್ ಆದ ಮೇಲಿನ ಮೊದಲ ಪಂದ್ಯಾಟದಲ್ಲಿ ನಾನು ಎಣಿಸಿದಂತೆಯೇ ಆಯಿತು. ಕಬಡ್ಡಿಯಲ್ಲಿ ಒಂದು ದಾಳಿಗೆ ಅರ್ಧ ನಿಮಿಷ. ಅವನ ಯಂತ್ರದ ಕರೆಂಟಿಗೂ ಅಷ್ಟೇ. ಒಳ್ಳೆಯ ದಾಳಿಯ ನಡುವೆಯೇ ಸ್ವರ ಮುರಿದು, ಹೇಳುತ್ತಿದ್ದ ತಮಾಷೆ ಗಂಟಲಲ್ಲೇ ಉಳಿಯುತ್ತಿತ್ತು. ಜನ ಮೊದಲು ಮರುಗಿದರು, ಆಮೇಲೆ ತಮ್ಮತಮ್ಮಲ್ಲೇ ಮಾತಾಡತೊಡಗಿದರು. ಸಂಜೆ ಕುರ್ಚಿ ಒಟ್ಟುವಾಗ ಸಮಿತಿಯ ಒಬ್ಬರು ನನ್ನ ಕಿವಿಯಲ್ಲಿ, "ಮುಂದಿನ ಸಲ ನೀವೇ ನೋಡಿ ಮಾಸ್ಟ್ರೆ, ಅವನಿಗೆ ಕಷ್ಟ ಆಗ್ತಾ ಉಂಟು" ಎಂದರು. ಆ ವಾರ ನಾನು ಬೆಳಿಗ್ಗೆಯ ವ್ಯಾಯಾಮದ ಜೊತೆಗೆ ಗಟ್ಟಿಯಾಗಿ ಓದುವುದನ್ನೂ ಸೇರಿಸಿಕೊಂಡೆ.

ಮುಂದಿನ ಪಂದ್ಯಾಟಕ್ಕೆ ಅವನು ಮೊದಲಿನ ಸ್ವರದಲ್ಲೇ ಬಂದ. ಬೆಳಿಗ್ಗೆ ಒಮ್ಮೆಯೂ ಒಡೆಯಲಿಲ್ಲ. ಮಧ್ಯಾಹ್ನವೂ ಇಲ್ಲ. ಜನ ಉಬ್ಬಿಹೋದರು. ನನ್ನ ಕೈಯಲ್ಲಿ ಸ್ಟಾಪ್‌ವಾಚ್ ಇತ್ತು. ಯಂತ್ರದ ಹೊತ್ತು ಬರುತ್ತಿತ್ತು, ಹೋಗುತ್ತಿತ್ತು, ಸ್ವರ ಮಾತ್ರ ಹಾಗೇ ಹರಿಯುತ್ತಿತ್ತು. ಅವನು ನೀರಿಗೆ ಬಗ್ಗಿದಾಗ ನೋಡಿದೆ. ಅಂಗಿಯ ಎಡಗಡೆ, ಉಬ್ಬಿನ ಮೇಲೆ ಇನ್ನೊಂದು ಉಬ್ಬು. ಅಯಸ್ಕಾಂತವನ್ನು ಪಟ್ಟಿಯಿಂದ ಎದೆಗೆ ಅಂಟಿಸಿಕೊಂಡು ಬಂದಿದ್ದ.

ನಾನು ಬಾಯಿ ತೆರೆಯುವ ಮೊದಲೇ ಸೆಮಿಫೈನಲ್ ಶುರುವಾಯಿತು. ಎರಡನೆಯ ದಾಳಿಯಲ್ಲಿ ಅವನ ಮಾತು ತಟ್ಟನೆ ನಿಂತಿತು. ಮೈಕ್ ಕೆಳಗೆ ಬಿದ್ದು ಮೈದಾನಕ್ಕೆಲ್ಲ ಗುಡುಗಿದಂತಾಯಿತು. ಅವನು ಕುರ್ಚಿಯ ಸಮೇತ ಬಿದ್ದು ಸೆಟೆದುಕೊಂಡಿದ್ದ.

ನಮ್ಮ ಕಡೆ ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವ ಅಭ್ಯಾಸ ಇನ್ನೂ ಹೋಗಿಲ್ಲ. ಅದರಿಂದ ಏನೂ ಆಗುವುದಿಲ್ಲ ಎಂದು ನಾನು ಶಾಲೆಯಲ್ಲಿ ಎಷ್ಟೋ ಸಲ ಹೇಳಿದ್ದೆ. ಅಂದು ಮೈದಾನದಲ್ಲಿದ್ದವರಲ್ಲಿ ಅರ್ಧ ಜನ ಜೀಪಿನವರು. ಎಲ್ಲರೂ ಕೀಲಿಗೊಂಚಲು ಹಿಡಿದು ಓಡಿಬಂದರು. ಒಬ್ಬ ಚಾಲಕ ತನ್ನ ಗೊಂಚಲನ್ನು ಅವನ ಕೈಗೆ ತುರುಕಲು ಬಗ್ಗಿದ. ಗೊಂಚಲು ಚಾಲಕನ ಬೆರಳಿನಿಂದ ಜಾರಿ, ಹಾರಿಹೋಗಿ, ಬಿದ್ದವನ ಎದೆಗೆ ಟಕ್ ಎಂದು ಅಂಟಿಕೊಂಡಿತು.

ಜನ ಒಂದು ಹೆಜ್ಜೆ ಹಿಂದೆ ಸರಿದರು. ಮುದುಕರೊಬ್ಬರು ಕೈ ಮುಗಿದರು.

ನಾನು ನುಗ್ಗಿ ಅಂಗಿಯ ಗುಂಡಿ ಕಿತ್ತು ಪಟ್ಟಿ ಎಳೆದೆ. ಅಯಸ್ಕಾಂತವೂ ಜೀಪಿನ ಕೀಲಿಗಳೂ ಒಟ್ಟಿಗೆ ನನ್ನ ಕೈಗೆ ಬಂದವು. ಅವನನ್ನು ಮಗ್ಗುಲಿಗೆ ಹೊರಳಿಸಿ ತಲೆಯ ಕೆಳಗೆ ನನ್ನ ಟೋಪಿ ಇಟ್ಟೆ. ಅಕ್ಕ ಬಂದು ಪಕ್ಕದಲ್ಲಿ ಕುಳಿತವಳು ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು, ಎಲ್ಲವೂ ಅರ್ಥವಾಯಿತು. ಅಲುಗುತ್ತಿದ್ದ ತಮ್ಮನಿಗೆ ಅರೆಭಾಷೆಯಲ್ಲಿ ಬೈಯತೊಡಗಿದಳು. ಫಿಟ್ಸ್ ಸ್ವಲ್ಪ ಹೊತ್ತಿನಲ್ಲಿ ನಿಂತಿತು. ಯಂತ್ರ ಮತ್ತೆ ಕೆಲಸ ಹಿಡಿದದ್ದಕ್ಕೋ, ತಾನಾಗಿಯೋ, ನಾನು ಹೇಳಲಾರೆ. ಕಡಬದವರಿಗೆ ಮಾತ್ರ ಸಂಶಯವೇ ಇರಲಿಲ್ಲ. ಆಮೇಲೆ ಯಾರಿಗೆ ಫಿಟ್ಸ್ ಬಂದರೂ ಆ ಚಾಲಕನ ಕೀಲಿಗೇ ಜನ ಕಳಿಸುತ್ತಿದ್ದರು. ಅವನೂ ಗಾಡಿ ನಿಲ್ಲಿಸಿ ಕೊಟ್ಟುಬರುತ್ತಿದ್ದ.

ನಾಲ್ಕಾರು ದಿನ ಬಿಟ್ಟು ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಅವನನ್ನು ಕರೆದುಕೊಂಡು ಹೋದೆ. ಗಲ್ಲದಲ್ಲಿ ಹೊಸ ಗಾಯ ಇತ್ತು.

"ಡಾಕ್ಟ್ರೇ ಹೇಳಿದ್ದು ಮಾಸ್ಟ್ರೆ," ಎಂದ. "ಭಾಷಣ ಮಾಡುವವರು, ಹಾಡುವವರು ಸ್ವಲ್ಪ ಹೊತ್ತು ಇಡ್ಬಹುದಂತೆ."

"ಸ್ವಲ್ಪ ಹೊತ್ತು ಅಂದ್ರೆ ಬೆಳಿಗ್ಗೆಯಿಂದ ಸಂಜೆವರೆಗೆಯಾ?"

"ಫೈನಲ್ ಮುಗಿಯುವವರೆಗೆ."

"ಊರವರು ಅಷ್ಟು ಮಾಡಿ ಇಡಿಸಿದ ಮೆಷಿನನ್ನು ನೀನು ಇಡೀ ದಿನ ಬಾಯಿ ಮುಚ್ಚಿ ಕೂರಿಸುದಾ?"

ಅವನು ಬನ್ಸಿನ ಅಂಚನ್ನು ಮುರಿಯುತ್ತ ಕುಳಿತ. "ಜೀಪು ಹೋಯ್ತು. ಮದುವೆ ಇಲ್ಲ. ಸ್ವರವೂ ಹೋದ್ರೆ ಬಾಕಿ ಇರುದು ಎಂತ? ಫಿಟ್ಸ್ ಇಲ್ಲದ ಮೈ ಮಾತ್ರ. ಅದನ್ನು ಇಟ್ಟುಕೊಂಡು ನಾನೆಂತ ಮಾಡುದು?"

"ಇನ್ನು ಅದನ್ನು ಕಟ್ಟಿಕೊಂಡು ಬಂದರೆ ನಾನು ಆ ಮೇಜಿನಲ್ಲಿ ಕೂರುದಿಲ್ಲ. ಸಮಿತಿಗೂ ಹೇಳ್ತೇನೆ."

"ಹೇಳಿ. ನಿಮಗೆ ಮೈಕ್ ಬೇಕು. ಅದನ್ನು ಹೇಳಿ ಮೊದಲು."

"ಬೇಕು," ಎಂದೆ.

ಅವನು ಅದನ್ನು ನಿರೀಕ್ಷಿಸಿರಲಿಲ್ಲ. ನನ್ನ ಮುಖವನ್ನೇ ನೋಡಿ ಆಮೇಲೆ ನಗತೊಡಗಿದ. ಆ ನಗುವಿನ ನಡುವೆಯೇ ಕರೆಂಟು ಬಂತು. ಒಡೆದ ಸ್ವರದಲ್ಲಿ ಕೆಮ್ಮಿ ಕೆಮ್ಮಿ ನಕ್ಕ. ಗಲ್ಲಾಪೆಟ್ಟಿಗೆಯ ಬಳಿ ಕುಳಿತ ಹೋಟೆಲಿನವರು ತಲೆಯೆತ್ತಿ ನೋಡಿದರು.

ಅವನು ಸುಮ್ಮನಾಗಬೇಕಾದ ಆ ಅರ್ಧ ನಿಮಿಷದಲ್ಲೇ ನನಗೆ ದಾರಿ ಹೊಳೆಯಿತು. ಕಬಡ್ಡಿಯಲ್ಲಿ ಬದಲಿ ಆಟಗಾರ ಎಂಬ ನಿಯಮವಿದೆ. ಒಬ್ಬ ಸೋತರೆ ತಂಡ ಸೋಲಬೇಕಾಗಿಲ್ಲ, ಹೊರಗೆ ಕುಳಿತವನು ಒಳಗೆ ಬರುತ್ತಾನೆ.

"ನಿನಗೆ ಸ್ವರ ಹೋಗುವಾಗ ಮೈಕ್ ನನಗೆ ಕೊಡು. ಬಂದ ಮೇಲೆ ತೆಗೆದುಕೋ. ಅಯಸ್ಕಾಂತ ಮೇಜಿನ ಕಬ್ಬಿಣದ ಕಾಲಿನಲ್ಲಿ ಇರಬೇಕು, ನನ್ನ ಕಣ್ಣೆದುರು."

"ಅರ್ಧ ನಿಮಿಷದಲ್ಲಿ ನೀವೆಂತ ಹೇಳ್ತೀರಿ?"

"ಅಂಕ ಹೇಳ್ತೇನೆ."

"ಅದನ್ನು ಬೋರ್ಡ್ ಹೇಳ್ತದೆ ಮಾಸ್ಟ್ರೆ."

ಆದರೂ ಒಪ್ಪಿದ. ಅಂದಿನಿಂದ ಪ್ರತಿ ಪಂದ್ಯಾಟದಲ್ಲಿ ಮೊದಲ ವಿಸಿಲಿಗೆ ಮುಂಚೆ ಅವನು ಕಿಸೆಯಿಂದ ಅಯಸ್ಕಾಂತ ತೆಗೆದು ಮೇಜಿನ ಕಾಲಿಗೆ ಟಕ್ ಎಂದು ಅಂಟಿಸಿ, "ಸಾಕ್ಷಿ" ಎನ್ನುತ್ತಿದ್ದ. ಗಂಟಲಲ್ಲಿ ಕಚಗುಳಿ ಶುರುವಾಗುತ್ತಲೇ ಎರಡು ಬೆರಳಿನಿಂದ ನನ್ನ ಮಣಿಕಟ್ಟು ತಟ್ಟುತ್ತಿದ್ದ. ನಾನು ಮೈಕ್ ತೆಗೆದುಕೊಂಡು ತಂಡ, ಅಂಕ, ಉಳಿದ ಹೊತ್ತು ಹೇಳುತ್ತಿದ್ದೆ. ನನ್ನ ಲೆಕ್ಕ ತಪ್ಪುತ್ತಿರಲಿಲ್ಲ. ಮೂರನೆಯ ಪಂದ್ಯಾಟದ ಹೊತ್ತಿಗೆ ಜನ ಅದಕ್ಕೊಂದು ಹೆಸರಿಟ್ಟರು. ನಾನು ಮೈಕ್ ಎತ್ತಿದರೆ ಯಾರಾದರೂ ಹಿಂದಿನಿಂದ "ಜಾಹೀರಾತು ಬಂತು" ಎಂದು ಕೂಗುತ್ತಿದ್ದರು. ಚರುಮುರಿಯವನ ಬಳಿ ಆಗಲೇ ವ್ಯಾಪಾರ ಜೋರು.

ಒಮ್ಮೆ ನಾನೂ ಒಂದು ತಮಾಷೆ ಹೇಳಿ ನೋಡಿದೆ. ಮನೆಯಲ್ಲಿ ಅಭ್ಯಾಸ ಮಾಡಿಯೇ ಹೋಗಿದ್ದೆ. ಮೈದಾನ ಸುಮ್ಮನಿತ್ತು. ಅವನು ಮೈಕ್ ತೆಗೆದುಕೊಂಡು, "ಈಗ ಹೋದದ್ದು ಮಾಸ್ಟ್ರ ಜೋಕ್. ನಗದವರು ಕೈ ಮೇಲೆ ಮಾಡಿ ಮೂರು ಸುತ್ತು ಓಡಬೇಕಾಗಿ ವಿನಂತಿ" ಎಂದ. ಜನ ಬಿದ್ದು ಬಿದ್ದು ನಕ್ಕರು. ನನ್ನ ಸೋಲಿನಿಂದಲೂ ಅವನಿಗೇ ಚಪ್ಪಾಳೆ. ಹೆಂಡತಿ ಅಂದು ಮನೆಯವರೆಗೂ ನಗುತ್ತಲೇ ಬಂದಳು.

ಇನ್ನೊಮ್ಮೆ, ನರಿಮೊಗರಿನಲ್ಲಿ, ಫೈನಲಿನ ಕೊನೆಯ ದಾಳಿ ನನ್ನ ಅರ್ಧ ನಿಮಿಷಕ್ಕೇ ಬಂದು ಬಿತ್ತು. ಸಮ ಅಂಕ, ಒಬ್ಬನೇ ದಾಳಿಗಾರ. ತಮಾಷೆಗೆ ಹೋಗದೆ ಕಂಡದ್ದನ್ನು ಕಂಡಂತೆ ಹೇಳಿದೆ: ಕಾಲು ಎಲ್ಲಿತ್ತು, ಕೈ ಯಾರನ್ನು ಮುಟ್ಟಿತು, ಗೆರೆ ಯಾವಾಗ ಸಿಕ್ಕಿತು. ಜನ ಎದ್ದು ನಿಂತು ಕೇಳಿದರು. ಮೈಕ್ ಮರಳಿಸಿದಾಗ ಅವನಿಗೆ ಸ್ವರ ಬಂದಿತ್ತು. ಮೈಕಿಗೆ ಕೈ ಮುಚ್ಚಿ, "ಇವತ್ತು ನೀವು ಚೆಂದ ಹೇಳಿದ್ರಿ ಮಾಸ್ಟ್ರೆ" ಎಂದ. ನನಗೆ ಸಂತೋಷವಾಯಿತು. ಸಂತೋಷವಾದದ್ದಕ್ಕೆ ಸಿಟ್ಟೂ ಬಂತು. ಇವನ ಸರ್ಟಿಫಿಕೇಟು ನನಗೆ ಯಾಕೆ ಬೇಕಾಯಿತು?

ವರ್ಷಗಳು ಕಳೆದಂತೆ ಫಿಟ್ಸ್ ಕಡಿಮೆಯಾಗುತ್ತ ಬಂತು. ಪೂರ್ತಿ ಹೋಗಲಿಲ್ಲ. "ಮೊದಲು ಸಂತೆಗೆ ಬಂದ ಹಾಗೆ ಬರ್ತಿತ್ತು, ಈಗ ನೆಂಟರ ಹಾಗೆ, ಹೇಳಿ ಬರ್ತದೆ" ಎನ್ನುತ್ತಿದ್ದ. ಗಲ್ಲದ ಗಾಯಗಳು ಮಾಸಿದವು. ಅಕ್ಕ ಬಾಗಿಲ ಹೊರಗೆ ಕಾಯದೆ ಅವನನ್ನು ಸ್ನಾನಕ್ಕೆ ಬಿಟ್ಟಳು.

ಮೊನ್ನೆಯ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವನು ಏಳಲಿಲ್ಲ. ಮಲಗಿದ್ದಲ್ಲೇ ಹೋಗಿದ್ದ. ಈ ರೋಗದಲ್ಲಿ ಅಪರೂಪಕ್ಕೆ ಹೀಗೂ ಆಗುತ್ತದೆ, ನಿದ್ದೆಯಲ್ಲಿ, ಯಾರಿಗೂ ತಿಳಿಯದ ಹಾಗೆ. ಯಂತ್ರ ಸರಿಯಾಗಿಯೇ ಇತ್ತು, ಯಾರದೂ ತಪ್ಪಿಲ್ಲ ಎಂದು ಡಾಕ್ಟರರು ಅಕ್ಕನಿಗೆ ಹೇಳಿದರಂತೆ. ಒಳಗೆ ಬ್ಯಾಟರಿ ಇರುವುದರಿಂದ ಅದನ್ನು ತೆಗೆದೇ ದೇಹವನ್ನು ಸುಡಬೇಕಂತೆ. ಅದಕ್ಕಾಗಿ ಆಸ್ಪತ್ರೆಯಲ್ಲಿ ಕಾಯಬೇಕಾಯಿತು. ಜೀಪಿನವರೆಲ್ಲ ಮಳೆಯಲ್ಲಿ ನಿಂತಿದ್ದರು. ಅಂದು ಕಡಬದ ಸ್ಟ್ಯಾಂಡಿನಲ್ಲಿ ಯಾರೂ ಯಾವ ಊರಿನ ಹೆಸರನ್ನೂ ಕೂಗಲಿಲ್ಲ. ಜನ ತಾವಾಗಿಯೇ ಕೇಳಿಕೊಂಡು ಹತ್ತಿದರು.

ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಹೋದಾಗ ಅಕ್ಕ ಸ್ಟೀಲ್ ಕಪಾಟಿನ ಬಾಗಿಲಿನಿಂದ ಅಯಸ್ಕಾಂತವನ್ನು ಕಿತ್ತು ನನ್ನ ಕೈಗೆ ಕೊಟ್ಟಳು. ಅದು ಅಲ್ಲಿ ಹಳೆಯ ಪಂದ್ಯಾಟದ ಪೋಸ್ಟರೊಂದನ್ನು ಹಿಡಿದುಕೊಂಡಿತ್ತು. "ಇದು ಮಾಸ್ಟ್ರ ಮೇಜಿದ್ದು ಅಂತ ಹೇಳ್ತಿದ್ದ," ಎಂದಳು. ಪೋಸ್ಟರು ಕೆಳಗೆ ಬಿತ್ತು. ಅದರಲ್ಲಿ ಅವನ ಹೆಸರು ದಪ್ಪಕ್ಷರದಲ್ಲಿತ್ತು. ನನ್ನದನ್ನು ಹುಡುಕಬೇಕಾಯಿತು.

ಹೋದ ಭಾನುವಾರ ಪಂದ್ಯಾಟ ನಡೆಯಿತು. ನಾನು ಎಲ್ಲರಿಗಿಂತ ಮೊದಲು ಹೋಗಿ ಅಂಕಣದ ಗೆರೆಗಳನ್ನು ನೋಡಿ, ಮೇಜನ್ನು ಸರಿಯಾದ ಜಾಗಕ್ಕೆ ಎಳೆಸಿದೆ. ಮೊದಲ ವಿಸಿಲಿಗೆ ಮುಂಚೆ ಕಿಸೆಯಿಂದ ಅಯಸ್ಕಾಂತ ತೆಗೆದು ಮೇಜಿನ ಕಾಲಿಗೆ ಅಂಟಿಸಿದೆ. ಪಕ್ಕದ ಕುರ್ಚಿ ಖಾಲಿ ಇತ್ತು. ಸಮಿತಿಯವರು ಅದರ ಮೇಲೆ ನೀರಿನ ಚೊಂಬು ಇಟ್ಟಿದ್ದರು.

ಮೈಕ್ ಹಿಡಿದು ಶುರು ಮಾಡಿದೆ. ಸ್ಪಷ್ಟ ಉಚ್ಚಾರ, ತಂಡ, ಸಂಖ್ಯೆ, ಅಂಕ. ಯಾರೂ ಜಾಹೀರಾತು ಎನ್ನಲಿಲ್ಲ, ಗೌರವದಿಂದ ಕೇಳಿದರು. ಇಡೀ ದಿನ ನನ್ನದು. ಮೊದಲ ದಾಳಿಗಾರ ಗೆರೆ ದಾಟಿದ. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಹೇಳಿ ಮುಗಿದದ್ದೇ ನನ್ನ ಕೈ ಎಡಕ್ಕೆ ಚಾಚಿಕೊಂಡಿತು, ಮೈಕ್ ಕೊಡಲು.

ಅಷ್ಟು ವರ್ಷದ ಅಭ್ಯಾಸ. ಅರ್ಧ ನಿಮಿಷಕ್ಕಿಂತ ಹೆಚ್ಚಿನ ಮಾತು ನನ್ನಲ್ಲಿ ಇರಲಿಲ್ಲ.

ಮೈಕ್ ಖಾಲಿ ಕುರ್ಚಿಯ ಎದುರು ಹಾಗೇ ನಿಂತಿತು. ನಾನು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು, ತೆಗೆಯಲಿಲ್ಲ. ಅಂಕಣದಲ್ಲಿ ಹುಡುಗನ ಕಬಡ್ಡಿ ಕಬಡ್ಡಿ ಎಂಬ ಉಸಿರು ಮಾತ್ರ ಕೇಳುತ್ತಿತ್ತು. ಜೀಪಿನವರ ಕಡೆಯಿಂದ ಒಬ್ಬ ಕೈ ತಟ್ಟತೊಡಗಿದ. ಆಮೇಲೆ ಹೆಂಗಸರ ಸಾಲು, ಆಮೇಲೆ ಇಡೀ ಮೈದಾನ. ದಾಳಿಗಾರ ಏನಾಯಿತೆಂದು ತಿಳಿಯದೆ ನಡು ಅಂಕಣದಲ್ಲೇ ನಿಂತುಬಿಟ್ಟ, ಎದುರು ತಂಡದವರೂ ಅವನನ್ನು ಹಿಡಿಯಲಿಲ್ಲ. ನಾನು ಸ್ಟಾಪ್‌ವಾಚ್ ನೋಡಿದೆ. ದಾಳಿಗಾರನ ಅರ್ಧ ನಿಮಿಷ ಮುಗಿದ ಮೇಲೂ ಚಪ್ಪಾಳೆ ನಿಂತಿರಲಿಲ್ಲ. ನನಗೆ ಯಾವತ್ತೂ ಯಾರೂ ಅಷ್ಟು ಹೊತ್ತು ಕೈ ತಟ್ಟಿದ್ದಿಲ್ಲ.

ಸಂಜೆ ಬಸ್ಸಿನಲ್ಲಿ ಹೆಂಡತಿ ಬಹಳ ದೂರದವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ, "ಚೆಂದ ಆಯ್ತು" ಎಂದಳು.

"ನಾನು ಹೇಳಿದ್ದಾ?"

"ಅಲ್ಲ. ನೀವು ಮೈಕ್ ಅವನಿಗೆ ಕೊಟ್ಟದ್ದು."